ನಸುಕಿನ ಪೆಟ್ರೋಲು

ಮಸ್ಕಿ ಆಟೊ ಸ್ಟ್ಯಾಂಡಿನ ಮಂದಿಗೆ ಒಂದು ಖಯಾಲಿ ಇತ್ತು. ಪೆಟ್ರೋಲು ತಣ್ಣಗಿದ್ರ ಗಟ್ಟಿ ಇರತೈತಿ, ಕಾದ್ರ ಉಬ್ಬತೈತಿ, ಉಬ್ಬಿದ್ದನ್ನ ಲೀಟರ್ ಲೆಕ್ಕದಾಗ ಕೊಂಡ್ರ ಗಾಳಿಗೆ ರೊಕ್ಕ ಕೊಟ್ಟಂಗ ಅಂತ. ಅದಕ್ಕ ಎಲ್ಲಾರೂ ಹೊತ್ತು ಹುಟ್ಟೋಕಿಂತ ಮುಂಚೆ ಸಿಂಧನೂರು ರಸ್ತೆದ ಬಂಕಿಗೆ ಹೋಗಿ ಪಾಳಿ ಹಚ್ಚತಿದ್ರು. ಹಚ್ಚಲಿ, ಯಾರು ಬ್ಯಾಡಂದ್ರು? ಆದ್ರ ಸ್ಟ್ಯಾಂಡಿನ ಹಿರ್ಯಾ ದಸ್ತಗೀರ್‌ಸಾಬ್ ಅಷ್ಟಕ್ಕ ಬಿಡಲಿಲ್ಲ. ಬಂಕಿನ್ಯಾಗ ಯಾವ ಪಾಳಿನೋ, ಲಿಂಗಸುಗೂರಿಗೆ ಸೀಟು ತುಂಬಾಕ ಸ್ಟ್ಯಾಂಡಿನ್ಯಾಗೂ ಅದೇ ಪಾಳಿ ಅಂತ ಕಾನೂನು ಮಾಡಿಬಿಟ್ಟ. ನಸುಕಿನ್ಯಾಗ ಬರದವರಿಗೆ ನಂಬರ್ ಇಲ್ಲ. ಎಲ್ಲಾ ಆಟೊ ಹೋದ ಮ್ಯಾಲೆ ಉಳಿದಬಳಿದ ಸೀಟು ಅವರಿಗೆ.

ನಸುಕಿನ್ಯಾಗ ಬರದವರು ಇಡೀ ಸ್ಟ್ಯಾಂಡಿನ್ಯಾಗ ಒಬ್ಬಾಕಿನೇ. ಫಿರ್ದೋಸ್.

ಹೆಂಗ ಬಂದಾಳು? ಆ ಹೊತ್ತಿನ್ಯಾಗ ಆಕಿ ನಾಟಿ ಹಚ್ಚೋ ಹೆಣ್ಣಾಳುಗಳನ್ನ ತುಂಬಿಕೊಂಡು ತುರ್ವಿಹಾಳದ ಕಡೆ ಗದ್ದಿಗೆ ಬಿಡಾಕ ಹೋಗಬೇಕು. ನಾಟಿ ಕೆಲಸ ವರ್ಷಪೂರ್ತಿ ಇರಂಗಿಲ್ಲ, ವರ್ಷಪೂರ್ತಿ ಮನಿ ನಡಿಯೋದು ಲಿಂಗಸುಗೂರಿನ ಸೀಟಿನ ಮ್ಯಾಲೆನೇ. ಅಲ್ಲಿ ನಂಬರ್ ಸಿಗಲಿಲ್ಲ ಅಂದ್ರ ಆಟೊ ಮಾರಿ ಆಕಿನೂ ನಾಟಿ ಹಚ್ಚಾಕ ಹೋಗಬೇಕಾಗಿತ್ತು.

ಒಂದಿನ ಗದ್ದಿ ಕಡೆಯಿಂದ ಬಂದು ಸ್ಟ್ಯಾಂಡಿನ್ಯಾಗ ನಿಂತ್ಲು. ಒಬ್ಬಾಕಿ ಮುದುಕಿ ತಾನಾಗಿ ಬಂದು ಆಕಿ ಆಟೊದಾಗ ಕುಂತಳು. ದಸ್ತಗೀರ್‌ಸಾಬ್ ಬಂದವನೇ ಮುದುಕಿ ಚೀಲ ಎತ್ತಿ ಮುಂದಿನ ಆಟೊದಾಗ ಇಟ್ಟ.

"ಚಾಚಾ, ಆ ಚೀಲಕ್ಕ ಯಾಕ ಕೈ ಹಚ್ಚಿದ್ರಿ?"

"ನಿಂದು ನಂಬರ್ ಇಲ್ಲ ಬೇಟಿ."

"ಬಿಸಿ ಪೆಟ್ರೋಲ್ ರಾಣಿಗೆ ನಂಬರ್ ಯಾಕ ಬೇಕ್ರಿ?" ಅಂತ ಪಕ್ಕದ ಆಟೊದಾಗಿಂದ ಆದೆಪ್ಪ ಹಲ್ಲು ಕಿಸಿದ. ಎಲ್ಲಾರೂ ನಕ್ಕರು.

ಫಿರ್ದೋಸ್‌ಗೆ ಮೈಯೆಲ್ಲಾ ಉರಿದುಹೋತು. "ನೆಲದಾಗ ಹೂತಿಟ್ಟ ಟ್ಯಾಂಕಿಗೆ ಹೊತ್ತು ಹುಟ್ಟಿದ್ದು ಯಾರು ಹೋಗಿ ಹೇಳತಾರ್ರಿ? ನೀವು ಹೇಳತೀರೇನು? ಅಳಸೂನು ನಡ್ರಿ. ಇವತ್ತು ಮಧ್ಯಾಹ್ನದ ಪೆಟ್ರೋಲು, ನಾಳೆ ನಸುಕಿಂದು. ನಸುಕಿಂದು ತಣ್ಣಗಿದ್ರ ನಾ ಈ ಸ್ಟ್ಯಾಂಡಿಗೆ ಕಾಲು ಇಡಂಗಿಲ್ಲ. ಇರಲಿಲ್ಲಂದ್ರ ಬಂದವರಿಗೆ ಬಂದಂಗ ನಂಬರ್."

"ಖುದಾ ಕಸಂ?" ಅಂದ ದಸ್ತಗೀರ್‌ಸಾಬ್.

"ಖುದಾ ಕಸಂ!"

ಖರೇ ಹೇಳಬೇಕಂದ್ರ ಆಕಿಗೇನು ಗೊತ್ತಿತ್ತು? ಸಿಟ್ಟಿಗೆ ಬಾಯಿಗೆ ಬಂದದ್ದು ಅಂದಿದ್ಲು ಅಷ್ಟ. ಆದ್ರ ಅಂದದ್ದನ್ನ ನುಂಗೋ ಹೆಂಗಸು ಅಲ್ಲ ಬಿಡ್ರಿ ಆಕಿ.

ಮಧ್ಯಾಹ್ನ ಎಲ್ಲಾರೂ ಬಂಕಿಗೆ ಹೋದ್ರು. ಮಳಿಗಾಲ ಅನ್ನೋದು ಹೆಸರಿಗೆ, ಬಿಸಿಲು ನೆತ್ತಿ ಸುಡತಿತ್ತು. ಮ್ಯಾನೇಜರ್ ಸಿದ್ದರಾಮ ಉದ್ದನ್ನ ಗಾಜಿನ ಜಾರಿನ್ಯಾಗ ಪೆಟ್ರೋಲ್ ಹಿಡಿದು ಥರ್ಮಾಮೀಟರ್ ಇಳಿಬಿಟ್ಟ. "ಮೂವತ್ತೊಂದು," ಅಂದ.

"ನೋಡಿದ್ರೇನು? ಎಷ್ಟು ಬಿಸಿ!" ದಸ್ತಗೀರ್‌ಸಾಬ್ ಗಡ್ಡ ನೀವಿಕೊಂಡ. "ನಾಳೆ ನಸುಕಿನ್ಯಾಗ ಇಪ್ಪತ್ತೈದು ದಾಟಂಗಿಲ್ಲ, ಬರದು ಇಟ್ಕೋರಿ."

ಸಂಜಿಗೆ ರೊಟ್ಟಿ ಬಡಿಯೂಮುಂದ ಫಿರ್ದೋಸ್‌ಗೆ ಅದೇ ಚಿಂತಿ. ನಸುಕಿನ ಗಾಳಿ ತಣ್ಣಗಿರತೈತಿ ಅನ್ನೋದು ಸುಳ್ಳಲ್ಲವಲ್ಲ. ಯಾಕರೆ ಅಂದ್ನೋ ಅಂತ ಹಂಚಿನ ಮ್ಯಾಲಿನ ರೊಟ್ಟಿ ಸೀಯೋ ತನಕ ಕುಂತಿದ್ಲು.

ನಸುಕಿನ್ಯಾಗ ಹೆಣ್ಣಾಳುಗಳನ್ನ ಆಟೊದಾಗ ತುಂಬಿಕೊಂಡೇ ಬಂಕಿಗೆ ಬಂದ್ಲು. ಎಲ್ಲಾರಿಗಿಂತ ಮುಂಚೆ ಬಂದಿದ್ಲು. ಹೆಣ್ಣಾಳುಗಳ ಹಿರೇಮಣಿ ಕನಕಮ್ಮ, "ಹೊಲದ ಸಾವ್ಕಾರ ಬೈದ್ರ ಬೈಲಿ ತಗಿಯವ್ವಾ. ದಿನಾ ಬೈತಾನ, ಇವತ್ತು ಕಾರಣಾರ ಇರತೈತಿ," ಅಂತ ಎಲಿಅಡಿಕಿ ಬಾಯಿಗೆ ಹಾಕ್ಕೊಂಡು ಕೆಳಗ ಇಳಿದ್ಲು. ಹಿಂದ ಉಳಿದವರೂ ಇಳಿದ್ರು. ಆಟೊದವರೆಲ್ಲಾ ಬಂದು ಸುತ್ತ ನೆರೆದ್ರು.

ಸಿದ್ದರಾಮ ಜಾರ್ ತುಂಬಿದ. ಥರ್ಮಾಮೀಟರ್ ಇಳಿಬಿಟ್ಟ. ಬ್ಯಾಟರಿ ಬೆಳಕು ಹಿಡಿದು ನೋಡಿದ.

"ಮೂವತ್ನಾಕು."

"ಎಷ್ಟಂದಿ?" ಅಂತ ದಸ್ತಗೀರ್‌ಸಾಬ್ ಮುಂದ ಬಂದ.

"ಮೂವತ್ನಾಕ್ರಿ. ನಿನ್ನೆ ಮಧ್ಯಾಹ್ನದಕಿಂತ ಮೂರು ಜಾಸ್ತಿ."

"ಕೆಟ್ಟೈತಿ ಅದು!" ಥರ್ಮಾಮೀಟರ್ ಕಸಗೊಂಡು ಹೆಗಲ ಮ್ಯಾಲಿನ ಟವೆಲಿನ್ಯಾಗ ತಿಕ್ಕಿ ಒರೆಸಿ ತಾನೇ ಇಳಿಬಿಟ್ಟ. ಕಣ್ಣು ಕಿರಿದು ಮಾಡಿ ನೋಡಿದ. ಆದೆಪ್ಪನ್ನ ಕರೆದು ಅವನಿಗೂ ನೋಡು ಅಂದ. ಆದೆಪ್ಪ ನೋಡಿ ಹಿಂದಕ್ಕ ಸರದ.

ಫಿರ್ದೋಸ್ ಬಾಯಿ ತಕ್ಕೊಂಡು ನಿಂತಿದ್ಲು. ಒಂದೇ ಇರತೈತಿ ಅಂತ ಆಕಿ ಅಂದಿದ್ದು, ನಸುಕಿಂದೇ ಹೆಚ್ಚು ಬಿಸಿ ಅಂತ ಕನಸಿನ್ಯಾಗೂ ಅಂದಿದ್ದಿಲ್ಲ.

"ಇದೇನಪಾ ಸಿದ್ದರಾಮ, ಮಾಟ ಮಾಡಿದ್ಯೇನು?" ಅಂದ್ಲು ಕನಕಮ್ಮ.

"ಎಲ್ಲಿ ಮಾಟ ಬೇ? ಇದೇ ರಾತ್ರಿ ಟ್ಯಾಂಕರ್ ಬಂದು ಖಾಲಿ ಮಾಡಿ ಹೋಗೈತಿ. ನಿನ್ನೆ ಮಧ್ಯಾಹ್ನ ಡಿಪೋದಾಗ ತುಂಬಿದ ಮಾಲು, ಬಿಸಿಲಾಗ ರಸ್ತಿ ಸವೆಸಿ ಬಂದೈತಿ. ಒಂದು ರಾತ್ರಿಗೆ ಆರತೈತೇನು? ನೆಲದಾಗ ಎರಡು ಮೂರು ದಿನ ಕುಂತ ಮ್ಯಾಲೆ ಆರತೈತಿ. ಆಮ್ಯಾಲೆ ಬಾವಿ ನೀರು ಇದ್ದಂಗ, ಹಗಲೂ ಒಂದೇ, ರಾತ್ರಿನೂ ಒಂದೇ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲಲೇ ನೀ?" ಅಂತ ಆದೆಪ್ಪ ಮೈಮ್ಯಾಲೆ ಹೋದ.

"ನೀವು ಕೇಳಿದ್ರೇನು? ಮತ್ತ ಹೇಳಾಕ ಅದರಾಗ ಏನೈತ್ರಿ, ಲೀಟರಿಗೆ ಒಂದು ಚಮಚದ ಫರಕು."

ಒಂದು ಚಮಚ! ಫಿರ್ದೋಸ್‌ಗೆ ನಗು ಬಂತು, ಹಿಂದೇ ಅಳು ಬಂತು. ಒಂದು ಚಮಚ ಪೆಟ್ರೋಲಿನ ಹೆಸರು ಹೇಳಿ ಎಷ್ಟು ಮುಂಜಾನೆ ಆಕಿನ್ನ ಬಿಸಿಲಾಗ ಖಾಲಿ ಆಟೊದಾಗ ಕುಂದರಿಸಿದ್ರು ಇವರು!

"ಚಾಚಾ, ಕಸಂ ನೆನಪೈತಲ್ಲ? ಬಂದವರಿಗೆ ಬಂದಂಗ ನಂಬರ್."

ದಸ್ತಗೀರ್‌ಸಾಬ್ ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡ. "ಪೆಟ್ರೋಲಿಂದು ಬ್ಯಾರೆ, ನಂಬರಿಂದು ಬ್ಯಾರೆ. ನಸುಕಿನ್ಯಾಗ ಬರೋದು ಸ್ಟ್ಯಾಂಡಿನ ರಿವಾಜು."

ಹಾಂ, ಅಲ್ಲಿಗೆ ತಿಳೀತು ಆಕಿಗೆ. ತಣ್ಣಗಿದ್ದದ್ದೂ ಬಿಸಿ ಇದ್ದದ್ದೂ ಎಲ್ಲಾ ನೆವ. ಆಕಿ ಬರಾಕ ಆಗದ ಹೊತ್ತೇ ಇವರಿಗೆ ಬೇಕಾಗಿತ್ತು.

"ರಿವಾಜು ನಿಮ್ಮ ಮನಿಯಾಗ ಇಟ್ಕೋರಿ," ಅಂದ್ಲು. "ಇವರನ್ನ ಬಿಟ್ಟು ಬರತೀನಿ. ಬಂದಾಗ ಪಾಳಿ ಎಲ್ಲಿಗೆ ಮುಗಿದಿರತೈತೋ ಅಲ್ಲಿ ನನ್ನ ಆಟೊ ನಿಂದರತೈತಿ. ತಾಕತ್ತಿದ್ರ ಸರಸ್ರಿ."

ಹಂಗೇ ಮಾಡಿದ್ಲು. ತುರ್ವಿಹಾಳದ ಕಡೆಯಿಂದ ಬಂದು, ಮುಂದ ಇದ್ದ ಎರಡು ಆಟೊದ ಹಿಂದ ತಂದು ನಿಲ್ಲಿಸಿದ್ಲು. ಆಮ್ಯಾಲೆ ಬಂದ ಆದೆಪ್ಪ ಗೊಣಗಿಕೋತ ಆಕಿ ಹಿಂದ ನಿಂತ. ಅವನ ಹಿಂದ ಮತ್ತ ನಾಕು ಆಟೊ ಬಂದು ನಿಂತವು. ಮುಂದಿನವು ಎರಡೂ ತುಂಬಿ ಹೋದವು. ಫಿರ್ದೋಸ್ ಆಟೊದಾಗ ಸೀಟು ತುಂಬಿದವು. ಕೀಲಿ ತಿರುವಿದ್ಲು.

ದಸ್ತಗೀರ್‌ಸಾಬ್ ಬಂದು ಆಟೊದ ಮುಂದ ನಿಂತ. "ಇಳಸು ಮಂದಿನ್ನ."

"ಇಳಸಂಗಿಲ್ಲ."

"ನಾ ಸರಿಯಂಗಿಲ್ಲ."

"ನಿಂದರ್ರಿ. ನಾನೂ ನಿಂತೀನಿ."

ನಿಂತ್ರು ಇಬ್ಬರೂ. ಆಟೊದಾಗ ಕುಂತ ಮಂದಿ ಗಡಿಯಾರ ನೋಡಾಕತ್ತಿದ್ರು, ಆದ್ರ ಒಬ್ಬರೂ ಇಳಿಲಿಲ್ಲ. ಫಿರ್ದೋಸ್‌ಗೆ ಅಂಜಿಕಿ ಇತ್ತು. ಅಂಜಿಕಿ ಇದ್ರ ಇರಲಿ, ಆಟೊ ಅಂತೂ ಹಿಂದಕ್ಕ ಹೋಗಂಗಿಲ್ಲ ಅಂತ ಗಟ್ಟಿ ಮಾಡ್ಕೊಂಡು ಕುಂತಿದ್ಲು.

ಹಿಂದಿನಿಂದ ಒಂದು ಹಾರ್ನ್ ಕೇಳಿಸ್ತು. ಆದೆಪ್ಪಂದು.

"ಸರೀರಿ ಸಾಬ್ರ! ನಂದೂ ಸೀಟು ತುಂಬ್ಯಾವು. ಆಕಿ ಹೋಗದ ನಾ ಹೆಂಗ ಹೋಗಲಿ?"

ಅವನ ಹಿಂದಿನವನೂ ಹಾರ್ನ್ ಹೊಡೆದ. ಅವನ ಹಿಂದಿನವನೂ. ಇಡೀ ಪಾಳಿನೇ ಬೊಬ್ಬೆ ಹೊಡಿಯಾಕತ್ತು. ದಸ್ತಗೀರ್‌ಸಾಬ್ ಮಾರಿ ಕೆಂಪು ಮಾಡ್ಕೊಂಡು ಅವರನ್ನೆಲ್ಲಾ ನೋಡಿದ, ಆಮ್ಯಾಲೆ ಒಂದು ಹೆಜ್ಜಿ ಪಕ್ಕಕ್ಕ ಇಟ್ಟ. ಆಟೊ ಹೋಗಾಕ ಅಷ್ಟು ಸಾಕಾಗಿತ್ತು.

"ನಾಳೆಯಿಂದ ನಸುಕಿನ್ಯಾಗ ಬಂಕಿಗೆ ಬರಬೇಕು ನೋಡು!" ಅಂತ ಹಿಂದಿನಿಂದ ಒದರಿದ.

ಫಿರ್ದೋಸ್ ಗೇರ್ ಹಾಕಿ, ತಲಿ ಹೊರಗ ಚಾಚಿ, ಇಡೀ ಸ್ಟ್ಯಾಂಡಿಗೆ ಕೇಳೋ ಹಂಗ ಕೂಗಿದ್ಲು: "ಬರಂಗಿಲ್ಲ ಚಾಚಾ! ನಾಳೆನೂ ಬರಂಗಿಲ್ಲ, ನಾಡಿದ್ದೂ ಬರಂಗಿಲ್ಲ!"