ಬೋರಣ್ಣ ಓದಿದ ಗೋಡೆ

ಕಪಾಟಿನ ಮೂರನೇ ಸಾಲಿನ ಪುಸ್ತಕಗಳನ್ನೆಲ್ಲ ರಘು ಕಂತೆ ಕಂತೆಯಾಗಿ ಇಳಿಸಿ ಸೋಫಾದ ಮೇಲೆ ಹಾಕುತ್ತಿದ್ದ. ಹೊರಗೆ ಶಾಮಿಯಾನದಡಿ ಅವನ ಅಪ್ಪ ಬೋರಣ್ಣನ ದೇಹವನ್ನು ಮಲಗಿಸಲಾಗಿತ್ತು. ತಮಟೆಯವರು ಬೀದಿ ಬದಿಯಲ್ಲಿ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿಕೊಳ್ಳುತ್ತಿದ್ದರು. ಗುಂಡಿ ತೋಡಿ ಮುಗಿಯಿತೆಂದು ತೋಟದಿಂದ ಫೋನೂ ಬಂದಾಗಿತ್ತು. ಹೊರಡುವುದರೊಳಗೆ ಒಂದು ಪುಸ್ತಕ ಸಿಗಬೇಕಿತ್ತು. ಅದು ಯಾವ ಪುಸ್ತಕ ಎಂಬುದೇ ರಘುವಿಗೆ ಗೊತ್ತಿರಲಿಲ್ಲ.

ಸಾರಕ್ಕಿಯ ಅವರ ಕುಲದಲ್ಲಿ ಒಂದು ಪದ್ಧತಿ. ಹೋದವರ ಕೈಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಯಾವುದೋ, ಅದನ್ನು ಅವರ ಜೊತೆಗೇ ಮಣ್ಣಿಗೆ ಕೊಡಬೇಕು. ಹೆಚ್ಚಿನವರಿಗೆ ಎಲೆಅಡಿಕೆ ಚೀಲ, ಇಲ್ಲವೇ ಬೀಡಿ ಕಟ್ಟು. ಒಬ್ಬ ದೊಡ್ಡಪ್ಪನ ಜೊತೆ ಇಸ್ಪೀಟಿನ ಕಟ್ಟು ಹೋಗಿತ್ತು. ಅದಕ್ಕೂ ಹೊಸ ಕಟ್ಟು ತಂದವರನ್ನು ಹಿರಿಯರು ಬೈದು, ಅವನೇ ಆಡಿ ಸವೆಸಿದ ಹಳೆಯದನ್ನು ಹುಡುಕಿಸಿ ಹಾಕಿಸಿದ್ದರು. ಬೋರಣ್ಣನಿಗೆ ಏನು ಎಂಬ ಮಾತು ಬಂದಾಗ ಎಲ್ಲರೂ ಅವನ ಅಡಕತ್ತರಿ ಎಂದರು. ಗೂಳಪ್ಪನೊಬ್ಬ ಬೇಡ ಎಂದ.

ಗೂಳಪ್ಪ ಬೋರಣ್ಣನ ಒಡಹುಟ್ಟಿದ ತಮ್ಮ. ಎರಡು ಬೀದಿ ಆಚೆ ಅವನ ಮನೆ. ಹೊಲ ಭಾಗ ಮಾಡುವಾಗ ಕೊಳವೆಬಾವಿ ಯಾರ ಪಾಲಿಗೆ ಬರಬೇಕೆಂದು ಶುರುವಾದ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಆಮೇಲೆ ಬಾವಿ ಬತ್ತಿತು, ಹೊಲ ಸೈಟಾಯಿತು, ಸೈಟಿನಲ್ಲಿ ಕಟ್ಟಡಗಳೆದ್ದು ಇಬ್ಬರಿಗೂ ಬಾಡಿಗೆ ಬರತೊಡಗಿತು. ಜಗಳ ಮಾತ್ರ ಹಾಗೇ ಹಸಿಯಾಗಿ ಉಳಿಯಿತು. ಮಾರ್ಕೆಟ್ಟಿನಲ್ಲಿ ಒಬ್ಬ ಎದುರಾದರೆ ಇನ್ನೊಬ್ಬ ಸೊಪ್ಪಿನವಳ ಕಡೆ ತಿರುಗಿ ಬೇಡದ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದ. ಇಂಥ ಗೂಳಪ್ಪ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಅಣ್ಣನ ಪಾದ ಹಿಡಿದು ಕೂತದ್ದನ್ನು ಕಂಡು ನೆಂಟರು ಮುಖ ಮುಖ ನೋಡಿಕೊಂಡಿದ್ದರು.

"ಅಡಕತ್ತರಿ ಅತ್ತಿಗೆಗೆ ಇರ್ಲಿ," ಎಂದ ಗೂಳಪ್ಪ. "ಆ ಪುಸ್ತಕ ಹಾಕು ರಘು. ಅಣ್ಣತಮ್ಮಂದಿರ ಕತೆ ಐತಲ್ಲ, ಅದು. ನೀನೇ ಅಲ್ವಾ ಅದ್ರ ಕೊನೆ ಹೇಳ್ದೋನು? ಹೋದ ತಿಂಗ್ಳು ನಿಮ್ಮಪ್ಪ ತಾನಾಗೇ ಬಂದು ನಮ್ಮನೆ ಜಗಲಿ ಮ್ಯಾಲೆ ಕುಂತ್ಕಂಡ. 'ನನ್ ಮಗ ಓದವ್ನೆ ಕಣ್ಲಾ, ಅದ್ರಲ್ಲಿ ಅಣ್ಣಾನೇ ಮೊದ್ಲು ಮಾತಾಡ್ತಾನಂತೆ' ಅಂದ. ನಿನ್ನಿಂದ ನಾವಿಬ್ರೂ ಒಂದಾದ್ವಿ ಕಣಪ್ಪ."

ಜನರೆಲ್ಲ ರಘುವಿನ ಕಡೆ ತಿರುಗಿದರು. ಕನ್ನಡ ಸಂಘದ ಕಾರ್ಯದರ್ಶಿ ಪ್ರಸನ್ನ ಆಗತಾನೇ ದೊಡ್ಡ ಹಾರ ಹಾಕಿ ಕೈಮುಗಿದು ನಿಂತಿದ್ದ. ಓದುವ ಮಗನಿದ್ದರೆ ತಂದೆಗೂ ಓದಿನ ಚಟ ಹತ್ತುತ್ತದೆ, ಇಂಥ ಲೈಬ್ರರಿ ಇಡೀ ಜೆ.ಪಿ. ನಗರದಲ್ಲಿ ಇನ್ನೊಂದಿಲ್ಲ ಎಂದು ಅವನು ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿದ. ಈಗ ತರುತ್ತೇನೆ ಎಂದು ರಘು ಒಳಗೆ ಬಂದ. ಅವನ ಕಿವಿ ಸುಡುತ್ತಿತ್ತು.

*

ಆ ಪುಸ್ತಕದ ಗೋಡೆ ಆದದ್ದು ಗೃಹಪ್ರವೇಶದ ಹೊತ್ತಿಗೆ. ಟಿವಿಯ ಎರಡೂ ಪಕ್ಕ ನೆಲದಿಂದ ಸೂರಿನವರೆಗೆ ತೇಗದ ಕಪಾಟು ಮಾಡಿಸಿದ ರಘು, ಏನಿಡುವುದೆಂದು ತಿಳಿಯದೆ ಹಿತ್ತಾಳೆಯ ಆನೆಗಳನ್ನು ಇಟ್ಟಿದ್ದ. ಆಮೇಲೆ ಸಂಘದ ಗೌರವಾಧ್ಯಕ್ಷನಾದ. ನವೆಂಬರ್ ಬಂತೆಂದರೆ ಶಾಮಿಯಾನ, ಊಟ ಅವನದು. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಒಂದು ಕುರ್ಚಿಯೂ ಅವನದು. ಪುಸ್ತಕವನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡು, ಬರೆದವರ ಕೈಯಲ್ಲಿ 'ಸಹೃದಯ ಓದುಗರಾದ ರಘು ಅವರಿಗೆ' ಎಂದು ಬರೆಸಿಕೊಂಡು ತಂದು ಕಪಾಟಿಗೆ ಸೇರಿಸುತ್ತಿದ್ದ. ಆನೆಗಳು ಒಂದೊಂದಾಗಿ ಅಟ್ಟ ಹತ್ತಿದವು. ಪುರುಸೊತ್ತಾದಾಗ ಓದಿದರಾಯಿತು ಎಂದುಕೊಳ್ಳುತ್ತಿದ್ದ, ಪುರುಸೊತ್ತಾದಾಗ ಫೋನ್ ಕೈಯಲ್ಲಿರುತ್ತಿತ್ತು. ಎಷ್ಟು ಮನೆಗಳ ಕಪಾಟಿನ ಕತೆ ಇದೇ ಅಲ್ಲವೇ. ರಘುವೊಬ್ಬನನ್ನೇ ಬೈದು ಪ್ರಯೋಜನವಿಲ್ಲ.

ಓದಿದವನು ಬೋರಣ್ಣ. ಹಳೇ ಸಾರಕ್ಕಿಯ ಶಾಲೆಯಲ್ಲಿ ನಾಲ್ಕೋ ಐದೋ ಕ್ಲಾಸು ಕಲಿತು ನೇಗಿಲು ಹಿಡಿದಿದ್ದ ಮನುಷ್ಯ. ಹೊಸ ಮನೆಯಲ್ಲಿ ಮಾಡಲು ಕೆಲಸವಿಲ್ಲದೆ ಚಡಪಡಿಸಿ, ಒಂದು ದಿನ ಕೆಳಸಾಲಿನ ಎಡತುದಿಯಿಂದ ಒಂದು ಪುಸ್ತಕ ಎಳೆದ. ಅದು ಮುಗಿದ ಮೇಲೆ ಅದರ ಪಕ್ಕದ್ದು. ಕಳೆ ಕೀಳುವವನು ಸಾಲು ಬಿಟ್ಟು ಸಾಲು ಹಾರುವುದಿಲ್ಲವಲ್ಲ, ಹಾಗೆ. ಕಾದಂಬರಿ, ಕಾಶಿಯಾತ್ರೆ, ಸಕ್ಕರೆ ಕಾಯಿಲೆಗೆ ಮನೆಮದ್ದು, ಯಾರದೋ ಅಭಿನಂದನ ಗ್ರಂಥ, ಒಂದನ್ನೂ ಬಿಡಲಿಲ್ಲ. ಮನೆಗೆ ತಂದದ್ದು ಹಾಳಾಗಬಾರದು ಎಂದಷ್ಟೇ ಅವನು ಹೇಳುತ್ತಿದ್ದದ್ದು.

ಅವನ ಓದೋ, ಬೀದಿಗೆ ಕೇಳುವಂಥದ್ದು. ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ. ರಘುವಿಗೆ ಅದೊಂದು ತಲೆತಗ್ಗಿಸುವ ಸಂಗತಿಯಾಗಿತ್ತು. ಒಮ್ಮೆ ಸಂಘದವರು ಕಾಫಿಗೆ ಬಂದಾಗ ಅಪ್ಪ ಮೂಲೆಯಲ್ಲಿ ಕೂತು ಹೀಗೆ ಓದುವುದನ್ನು ಕಂಡು, ಮನಸ್ಸಿನಲ್ಲೇ ಓದಿಕೊಳ್ಳಪ್ಪ, ಇಲ್ಲದಿದ್ದರೆ ರೂಮಿಗೆ ಹೋಗು ಎಂದು ಹಲ್ಲು ಕಚ್ಚಿ ಗದರಿದ್ದ. ಬೋರಣ್ಣ ಪುಟದ ನಡುವೆ ಬೆರಳನ್ನು ಹಾಗೇ ಇಟ್ಟುಕೊಂಡು ಎದ್ದು ಹೋದ. ಅಂದಿನಿಂದ ಹಾಲ್‌ನಲ್ಲಿ ಓದಲು ಕೂರಲಿಲ್ಲ.

ಆದರೂ ಒಂದೊಂದು ಪುಸ್ತಕ ಮುಗಿದಾಗಲೂ ಮಗನ ಎದುರು ಬಂದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

"ಇದ್ರಾಗೆ ನಿಂಗೆ ಯಾವ ಕಡೆ ಹಿಡಿಸ್ತು ರಘು?"

ಎಲ್ಲ ಕಡೆಯೂ ಚೆನ್ನಾಗಿದೆ ಎನ್ನುತ್ತಿದ್ದ ರಘು. ಬೋರಣ್ಣ ಇನ್ನೂ ಏನೋ ಬರಲಿಕ್ಕಿದೆ ಎಂಬಂತೆ ಸ್ವಲ್ಪ ಹೊತ್ತು ನಿಂತಿದ್ದು, ಹೂಂಗುಟ್ಟಿ, ಮುಂದಿನ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದ.

*

"ಅಪ್ಪಾ, ಅದು ಅಲ್ಲಿಲ್ಲ."

ಮಗಳು ಶೃತಿ ಬಾಗಿಲಲ್ಲಿ ನಿಂತಿದ್ದಳು. ಕಾಲೇಜಿನ ಕೊನೆಯ ವರ್ಷದ ಹುಡುಗಿ. ಅತ್ತು ಅತ್ತು ಮುಖ ಊದಿತ್ತು. ಅವಳ ಕೈಯಲ್ಲಿ ನೀಲಿ ರಟ್ಟಿನ ಕಾದಂಬರಿಯೊಂದಿತ್ತು. ಅದನ್ನು ಕಂಡ ಮೇಲೆ ರಘುವಿಗೆ ನೆನಪಾಯಿತು.

ಬೋರಣ್ಣನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರು, ರಘು ಮುಂದಿನ ವಾರ ಮುಂದಿನ ವಾರ ಎಂದು ತಳ್ಳುತ್ತ ಬಂದಿದ್ದ. ಈ ನೀಲಿ ಪುಸ್ತಕ ಅರ್ಧಕ್ಕೆ ನಿಂತಿತು. ಒಂದು ಬೆಳಗ್ಗೆ ಅದನ್ನು ಹಿಡಿದು ಬಂದು, ಅಣ್ಣತಮ್ಮಂದಿರಿಬ್ಬರು ಹಟ್ಟಿಯ ನಡುವೆ ಗೋಡೆ ಎಬ್ಬಿಸಿಕೊಂಡು ಮಾತು ಬಿಟ್ಟಿದ್ದಾರೆ, ನನಗೆ ಮುಂದೆ ಅಕ್ಷರ ಕಾಣುತ್ತಿಲ್ಲ, ನೀನು ಓದಿದ್ದೀಯಲ್ಲ, ಕೊನೆಗೆ ಮಾತಾಡುತ್ತಾರಾ ಹೇಳು ಎಂದು ಕೇಳಿದ್ದ. ಟೈಲ್ಸ್‌ನವನ ಜೊತೆ ಫೋನಿನಲ್ಲಿದ್ದ ರಘು ಫೋನನ್ನು ಎದೆಗೆ ಒತ್ತಿಕೊಂಡು ಹೇಳಿದ್ದ:

"ಮಾತಾಡ್ತಾರಪ್ಪ. ತಬ್ಕೊಂಡು ಅಳ್ತಾರೆ."

"ಯಾರು ಮೊದ್ಲು ಮಾತಾಡೋದು?"

"ಅಣ್ಣಾನೇ," ಎಂದು ಮತ್ತೆ ಫೋನನ್ನು ಕಿವಿಗೆ ಹಿಡಿದಿದ್ದ. ಅಷ್ಟೇ. ಅಪ್ಪ ಎಷ್ಟು ಹೊತ್ತು ಅಲ್ಲಿ ನಿಂತಿದ್ದನೋ ಅವನು ನೋಡಿರಲಿಲ್ಲ.

ಈಗ ಪುಸ್ತಕಕ್ಕೆ ಕೈ ಚಾಚಿದರೆ ಶೃತಿ ತಕ್ಷಣ ಕೊಡಲಿಲ್ಲ. ಹೊರಗೆ ಚಿಕ್ಕ ತಾತ ಹೇಳಿದ್ದನ್ನು ಅವಳೂ ಕೇಳಿದ್ದಳು.

"ಅವ್ರು ಮಾತಾಡಲ್ಲ ಅಪ್ಪ, ಇದ್ರಲ್ಲಿ," ಎಂದಳು. "ಉಳಿದಿದ್ದು ನಾನೇ ತಾತಂಗೆ ಓದಿದ್ದು. ನೀವು ಹೇಳಿದ್ಮೇಲೂ ಪೂರ್ತಿ ಕೇಳ್ಬೇಕು ಅಂದ್ರು. ಕೊನೇಲಿ ಅಣ್ಣ ಸತ್ತೋಗ್ತಾನೆ. ಮುಗಿದ ಮೇಲೆ ತಾತ ಚಪ್ಪಲಿ ಮೆಟ್ಕೊಂಡು ಸೀದಾ ಚಿಕ್ಕ ತಾತನ ಮನೆಗೆ ಹೋದ್ರು."

ರಘು ಸೋಫಾದ ತೋಳಿನ ಮೇಲೆ ಕುಳಿತ.

"ಹಂಗಾದ್ರೆ ತಾತಂಗೆ ಗೊತ್ತಿತ್ತಾ, ನಾನು ಓದಿಲ್ಲ ಅಂತ?"

ಶೃತಿ ಸೋಫಾದ ಮೇಲೆ ಹರಡಿದ್ದ ಪುಸ್ತಕಗಳಲ್ಲಿ ಒಂದನ್ನು ತೆಗೆದು ತೋರಿಸಿದಳು. ಪ್ರೆಸ್ಸಿನಲ್ಲಿ ಸರಿಯಾಗಿ ಕತ್ತರಿಸದೆ ಕೆಲವು ಪುಟಗಳ ಮೇಲಂಚು ಒಂದಕ್ಕೊಂದು ಕೂಡಿಕೊಂಡೇ ಉಳಿದಿರುತ್ತದಲ್ಲ, ಅಂಥ ಪುಟಗಳನ್ನು ಯಾರೋ ಬಿಡಿಸಿದ್ದರು. ಅಂಚು ಗರಗಸದಂತೆ ಹರಿದಿತ್ತು, ಅಲ್ಲಲ್ಲಿ ಅಡಿಕೆಯ ಕಂದು ಕಲೆ.

"ತಾತ ಅಡಕತ್ತರಿಲಿ ಬಿಡಿಸ್ತಿದ್ರು. ಮೊದಲ್ನೇ ಪುಸ್ತಕದಿಂದ್ಲೇ ಗೊತ್ತಿತ್ತು ಅವರಿಗೆ." ಶೃತಿ ಆ ಅಂಚಿನ ಮೇಲೆ ಬೆರಳಾಡಿಸಿದಳು. "ಮತ್ತೆ ಯಾಕೆ ಪ್ರತಿಸಲ ಅಪ್ಪನ್ನ ಹೋಗಿ ಕೇಳ್ತೀರ ಅಂದೆ. ಒಂದ್ಸಲನಾದ್ರೂ ಓದಿಲ್ಲ ಕಣಪ್ಪ ಅಂತಾನೇನೋ ನೋಡ್ತೀನಿ ಅಂದ್ರು. ಹಂಗಂದ್ರೆ ಇಬ್ರೂ ಒಟ್ಟಿಗೆ ಕೂತು ಓದ್ಬೋದಲ್ಲ ಅಂತ."

ಹೊರಗೆ ತಮಟೆ ಶುರುವಾಯಿತು. ರಘುವಿಗೆ ಆ ಗೋಡೆಯ ಎದುರು ನಿಲ್ಲಲು ಆಗಲಿಲ್ಲ. ಶೃತಿ ಕೊಟ್ಟ ನೀಲಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಹೋದ. ಅವ್ವ ಮುನಿಲಕ್ಷ್ಮಮ್ಮ ಗಂಡನ ತಲೆಯ ಬಳಿ ಕೂತಿದ್ದವಳು, ಅವನ ಕಂಕುಳಲ್ಲಿದ್ದದ್ದನ್ನು ಕಂಡು, ಸಿಕ್ಕಿತಲ್ಲ ಸದ್ಯ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

*

ತೋಟ ಎನ್ನುವುದು ಹೆಸರಿಗೆ. ಚಿಕ್ಕಲಸಂದ್ರದ ಕಡೆ ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಒಂದು ತುಂಡು ನೆಲ, ಒಂದು ಹುಣಸೆಮರ, ಹಿರಿಯರ ನಾಲ್ಕಾರು ಸಮಾಧಿ. ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರು ತಮಟೆ ಕೇಳಿ ನಿಂತು ನೋಡಿ ಒಳಗೆ ಹೋದರು. ರಘು ಗುಂಡಿಗೆ ಇಳಿದು ಅಪ್ಪನ ತಲೆ ಸರಿಮಾಡಿ ಮಲಗಿಸಿ, ಅಂಚು ಹಿಡಿದು ಮೇಲೆ ಹತ್ತಿದ. ಕೈಯೆಲ್ಲ ಕೆಮ್ಮಣ್ಣಾಗಿತ್ತು. ಪುಸ್ತಕವನ್ನು ಬೇಗ ಒಳಗಿಟ್ಟು ಮಣ್ಣು ಎಳೆಸಿಬಿಟ್ಟರೆ ಸಾಕು ಎನಿಸಿತು ಅವನಿಗೆ. ಅದು ಮಣ್ಣು ಸೇರಿದರೆ ಅದರಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಬಗ್ಗಿದ.

"ತಡಿಯಪ್ಪ," ಎಂದ ಗೂಳಪ್ಪ. "ಹಾಕೋಕ್ ಮುಂಚೆ ಆ ಜಾಗ ಓದು. ಅಣ್ಣತಮ್ಮಂದಿರು ಮಾತಾಡೋ ಜಾಗ. ಅವ್ನೂ ಕೇಳಿಸ್ಕಳ್ಲಿ, ನಾನೂ ಕೇಳಿಸ್ಕಂತೀನಿ."

ಪ್ರಸನ್ನ ಅದಕ್ಕೆ ದನಿಗೂಡಿಸಿ, ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಇಲ್ಲ ಎಂದು ಫೋನ್ ತೆಗೆದು ವಿಡಿಯೋ ಮಾಡಲು ಹಿಡಿದ. ತಮಟೆ ನಿಂತಿತು.

ರಘು ಕೊನೆಯ ಪುಟ ತೆರೆದ. ಕತೆ ಕಟ್ಟುವುದೇನು ಕಷ್ಟವಿರಲಿಲ್ಲ, ಒಮ್ಮೆ ಕಟ್ಟಿದ್ದನಲ್ಲ. ತಬ್ಬಿಕೊಂಡರು, ಅತ್ತರು ಎಂದುಬಿಟ್ಟರೆ ಮುಗಿಯಿತು. ಚಿಕ್ಕಪ್ಪನಿಗೆ ಓದಲು ಬಾರದು, ಉಳಿದವರು ಯಾರೂ ಇಣುಕಿ ನೋಡುವವರಲ್ಲ. ಬಾಯಿಯವರೆಗೆ ಬಂತು. ಗುಂಡಿಯೊಳಗೆ ಅಪ್ಪನ ಮುಖ, ಇನ್ನೂ ಏನೋ ಬರಲಿಕ್ಕಿದೆ ಎಂದು ಕಾಯುವಾಗ ಇರುತ್ತಿದ್ದ ಹಾಗೇ ಇತ್ತು.

ಅವನು ಓದಿದ. ಅಕ್ಷರಗಳು ಕಲೆಸಿಹೋಗುತ್ತಿದ್ದವು.

"ಗೋಡೆಯಾಚೆ ಅಳು ಎದ್ದಿತು. ತಮ್ಮ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಗೋಡೆಯ ಮೇಲೆ ಕೈಯಿಟ್ಟ. ಅಣ್ಣಾ ಎನ್ನಲು ಬಾಯಿ ತೆರೆದ. ಎಷ್ಟೋ ವರ್ಷಗಳಿಂದ ಹೇಳದೆ ಬಿಟ್ಟ ಮಾತು, ನಾಲಿಗೆಗೆ ಬರಲಿಲ್ಲ."

"ಮುಂದಕ್ಕೆ ಓದು," ಎಂದ ಗೂಳಪ್ಪ.

"ಇಷ್ಟೇ ಚಿಕ್ಕಪ್ಪ. ಮುಗೀತು."

ಗೂಳಪ್ಪ ಗುಂಡಿಯ ಕಡೆ ನೋಡಿದ.

"ನಿಮ್ಮಪ್ಪಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಶೃತಿ ಓದಿದ್ಲು. ಇದನ್ನ ಕೇಳೇ ನಿಮ್ಮನೆಗೆ ಬಂದಿದ್ದು." ರಘು ಪುಸ್ತಕ ಮುಚ್ಚಿದ. "ನಾನು ಇದನ್ನ ಓದಿರ್ಲಿಲ್ಲ ಚಿಕ್ಕಪ್ಪ. ಸುಳ್ಳು ಹೇಳ್ದೆ. ಆ ಗೋಡೇಲಿರೋದು ಒಂದ್ನೂ ಓದಿಲ್ಲ."

ಪ್ರಸನ್ನ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ನೆಂಟರಲ್ಲಿ ಕೆಲವರು ಹುಣಸೆಮರದ ಕಡೆ ನೋಡತೊಡಗಿದರು. ಯಾರಾದರೂ ಬೈದಿದ್ದರೆ ರಘುವಿಗೆ ಹಗುರಾಗುತ್ತಿತ್ತು. ಗೂಳಪ್ಪ ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿ, ತೋಡಿ ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಅಣ್ಣನ ಕಡೆ ಮುಖ ಮಾಡಿ ಕೂತುಕೊಂಡ.

"ಹಂಗಾರೆ ಮೊದ್ಲಿಂದ ಓದು," ಎಂದ. "ನಾನೂ ಕೇಳಿಲ್ಲ."

ಗುದ್ದಲಿ ಹಿಡಿದವರು ಗುದ್ದಲಿ ಊರಿ ನಿಂತರು. ರಘು ಚಿಕ್ಕಪ್ಪನ ಪಕ್ಕ ಕೂತು ರಟ್ಟು ತೆರೆದ. ಸಹೃದಯ ಓದುಗರಾದ ರಘು ಅವರಿಗೆ ಎಂದಿದ್ದ ಹಾಳೆಯನ್ನು ದಾಟಿದ. ಅಡಕತ್ತರಿ ಹರಿದ ಅಂಚನ್ನು ದಾಟಿದ. ಕಣ್ಣು ತುಂಬಿ ಸಾಲು ಜಾರುತ್ತಿತ್ತು, ಎಲ್ಲಿದ್ದೇನೆಂದು ತಿಳಿಯಲು ಬೆರಳಿಟ್ಟುಕೊಂಡ. ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ, ಬಾಲ್ಕನಿಯವರೆಗೂ ಕೇಳುವಂತೆ ಓದತೊಡಗಿದ. ಬೆರಳು ಸರಿದ ಕಡೆಯೆಲ್ಲ ಸಾಲಿನ ಕೆಳಗೆ ಕೆಮ್ಮಣ್ಣಿನ ಗೆರೆ ಬೀಳುತ್ತ ಹೋಯಿತು.