ಬಚ್ಚಲೊಲೆಯ ಬೆಳಕು

ಮರದ ದಿಮ್ಮಿಗಳ ಮನೆಯೊಳಗೆ, ಉರಿಯುವ ಬೆಂಕಿಯ ಮುಂದೆ, ಒಬ್ಬ ಹುಡುಗ ಬೋರಲು ಮಲಗಿ ಓದುತ್ತಿದ್ದ. ಲಿಂಕನ್ ಬಾಲ್ಯದ ಪುಸ್ತಕದ ಆ ರಕ್ಷಾಪುಟವನ್ನು ಕಂಡಾಗಲೆಲ್ಲ ನನಗೊಂದು ಅಳುಕು: ನನ್ನ ಬಾಲ್ಯವನ್ನು ಯಾರಾದರೂ ಬರೆಯಹೊರಟರೆ ಅರ್ಧ ಪುಟವೂ ತುಂಬುವುದಿಲ್ಲವಲ್ಲ! ಯಾರೂ ಬರೆಯಹೊರಟಿರಲಿಲ್ಲ, ಆ ಮಾತು ಬೇರೆ. ದಿನಚರಿಗೆ ಮಾತ್ರ ಹೇಳಿಕೊಂಡು ಸುಮ್ಮನಾಗಿದ್ದೆ.

ಪದವಿ ಮುಗಿಸಿದ ಆ ವರ್ಷ, ಭಾನುವಾರಗಳಂದು ನಮ್ಮೂರ ವಾಚನಾಲಯದಲ್ಲಿ ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಅಲ್ಲಿದ್ದದ್ದು ಅಮೆರಿಕದ ಮಹನೀಯರ ಬಾಲ್ಯದ ಕತೆಗಳ ಮಾಲೆ. ಅವುಗಳಲ್ಲಿ ಯಾವ ಮಗುವೂ ಸುಮ್ಮನೆ ಆಡುತ್ತಿರಲಿಲ್ಲ. ಫ್ರಾಂಕ್ಲಿನ್ ನೀರಿಗಿಳಿದು ಈಜಿದರೂ ಮುಂದಿನ ದೊಡ್ಡಸ್ತಿಕೆಯ ಗುರುತೊಂದು ಅದರಲ್ಲಿರಬೇಕು. ನಾನು ಅಚ್ಚಾದದ್ದನ್ನು ಓದುತ್ತಿದ್ದೆನೇ ಹೊರತು ನನ್ನದೆಂಬ ಒಂದು ಮಾತನ್ನೂ ಅಲ್ಲಿ ಆಡಿದವಳಲ್ಲ. ಮಕ್ಕಳು ಏನಾದರೂ ಕೇಳಿದರೆ ನಕ್ಕು ಪುಟ ತಿರುವುತ್ತಿದ್ದೆ.

ಮುಂದಿನ ಸಾಲಿನ ವಾರಿಜಾ ಮಾತ್ರ ಬಿಡುತ್ತಿರಲಿಲ್ಲ.

“ಅಕ್ಕಾ, ಇವ್ರೆಲ್ಲ ಚಿಕ್ಕೋರಿದ್ದಾಗ್ಲೇ ಏನಾದ್ರೂ ಮಾಡ್ಬಿಟ್ಟಿದ್ರು. ನಂಗೆ ಹನ್ನೊಂದಾಯ್ತು, ಇನ್ನೂ ಏನೂ ಆಗೇ ಇಲ್ಲ.”

“ಹಲ್ಲು ಬಿದ್ದಿದೆಯಲ್ಲೇ, ಅದನ್ನೇ ಬರೀತಾರೆ ಬಿಡು,” ಎಂದು ಪಕ್ಕದವಳು ಕಿಚಾಯಿಸಿದಳು. ಎಲ್ಲರೂ ನಕ್ಕರು. ವಾರಿಜಾ ನಗಲಿಲ್ಲ. ನಾನೂ ನಗಲಿಲ್ಲ.

ಮುಂದಿನ ಭಾನುವಾರ ಅವಳ ತಾಯಿ ಸಾಕಮ್ಮ ಮಗಳ ರಟ್ಟೆ ಹಿಡಿದು ದರದರ ಎಳೆದುಕೊಂಡೇ ಬಂದರು. ಹುಡುಗಿಯ ಜಡೆಯ ತುದಿ ಕರಕಲಾಗಿತ್ತು.

“ಏನ್ ತಾಯಿ, ನೀವೇನಾ ಓದಿ ಹೇಳೋರು? ಮನೇಲಿ ಬಲ್ಬ್ ಉರೀತಿದ್ರೆ ಅದನ್ನ ಆರ್ಸಿ, ಬಚ್ಚಲೊಲೆ ಮುಂದೆ ಬೋರ್ಲು ಬಿದ್ಕೊಂಡು ಓದ್ತಾಳೆ! ಕಿಡಿ ಹಾರಿ ಜಡೆ ಸುಡ್ತು. ಮುಖಕ್ಕೆ ಹಾರಿದ್ರೆ? ಇನ್ಮೇಲೆ ಈ ಕಡೆ ಕಳ್ಸಲ್ಲ.”

“ಲಿಂಕನ್ ಹಂಗೇ ಓದಿದ್ದು,” ಎಂದಳು ವಾರಿಜಾ, ನೆಲ ನೋಡುತ್ತ.

“ಯಾವೂರೋನೇ ಅವ್ನು? ಅವರಮ್ಮ ಸುಮ್ನಿದ್ಲಾ?”

ಮಕ್ಕಳು ಗೊಳ್ಳೆಂದರು. ರಕ್ಷಾಪುಟದ ಹುಡುಗ ತಲೆ ಎತ್ತದೆ ಓದುತ್ತಲೇ ಇದ್ದ. ಸಾಕಮ್ಮ ಬಾಗಿಲಿನತ್ತ ತಿರುಗಿದರು. ಈಗಲೂ ನಕ್ಕು ಪುಟ ತಿರುವಿದರೆ ಇವಳು ಹೋಗಿಯೇಬಿಡುತ್ತಾಳೆ ಅನ್ನಿಸಿತು.

“ವಾರಿಜಾ,” ಎಂದೆ. “ಅವನ ಮನೇಲಿ ಬಲ್ಬ್ ಇರ್ಲಿಲ್ಲ ಕಣೇ. ಇದ್ದಿದ್ರೆ ಅವನೂ ಹಾಕ್ಕೊಂಡೇ ಓದ್ತಿದ್ದ.”

“ಹಂಗ್ ಹೇಳಿ!” ಎಂದರು ಸಾಕಮ್ಮ.

“ಮತ್ತೆ ಪುಸ್ತಕದಲ್ಲಿ ಬೆಂಕಿ ಬಗ್ಗೆ ಅಷ್ಟೊಂದು ಬರ್ದಿದಾರೆ?” ಎಂದಳು ವಾರಿಜಾ.

“ಅವನು ದೊಡ್ಡೋನಾದ್ಮೇಲೆ ಬೇರೆಯೋರು ಹುಡುಕಿ ಬರೆದಿದ್ದು ಅದು. ಓದೋವಾಗ ಅವನಿಗೇನು ಗೊತ್ತು? ಪುಸ್ತಕ ಇಷ್ಟ ಆಗಿತ್ತು, ಓದ್ದ.”

ಸಾಕಮ್ಮನ ಹಿಡಿತ ಸಡಿಲವಾಯಿತು. ಆದರೆ ಕೈ ಬಿಡಲಿಲ್ಲ. “ತಿಳೀತಲ್ಲ, ಸರಿ. ಆದ್ರೂ ಮನೇಲೇ ಇರ್ಲಿ. ಇಷ್ಟು ಮಕ್ಕಳವೆ, ಇವ್ಳೊಬ್ಳು ಬರ್ಲಿಲ್ಲಾಂದ್ರೆ ನಿಮ್ಗೇನ್ ತಾಯಿ?”

ಅದಕ್ಕೆ ಉತ್ತರ ಯಾವ ಪುಟದಲ್ಲೂ ಅಚ್ಚಾಗಿರಲಿಲ್ಲ.

“ಇವಳು ಏನಾದ್ರೂ ಕೇಳ್ತಾಳೆ ಅಂತಾನೇ ನಾನು ಇಲ್ಲಿಗೆ ಬರೋದಮ್ಮ,” ಎಂದೆ. “ನನ್ನನ್ನ ಬೇರೆ ಯಾರೂ ಏನೂ ಕೇಳೋದಿಲ್ಲ.”

ಸಾಕಮ್ಮ ಮಗಳ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು, ಮಕ್ಕಳ ಆ ಗಿಡ್ಡ ಬೆಂಚಿನ ತುದಿಯಲ್ಲಿ ಮಂಡಿ ಮಡಚಿ ಕೂತರು.