ಹಿಂಬದಿಯ ತಗಡು

ಶೆಡ್ಡು ಅಪ್ಪನದು, ಅದರೊಳಗಿನ ಮೇಜೂ ಅಪ್ಪನದೇ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾವುದು ಎಲ್ಲಿ ಕೂರಬೇಕೆಂದು ಗೊತ್ತು ಮಾಡಿದವನೂ ಅವನೇ. ಆ ಶನಿವಾರ ಬೆಳಗ್ಗೆ ಬಾಗಿಲಲ್ಲಿ ನಿಂತು ನೋಡಿದರೆ ಅರ್ಧ ಜಾಗಗಳು ಖಾಲಿ. ಅವನ ಸುತ್ತಿಗೆ ತಮ್ಮನ ಕೈಯಲ್ಲಿತ್ತು, ಅವನ ಅರ ಮಗಳ ಕೈಯಲ್ಲಿ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು.

"ಅಪ್ಪ, ಬೆಳಕಿಗೆ ಅಡ್ಡ ನಿಂತಿದೀರ," ಎಂದಳು ಮಗಳು.

ಅಪ್ಪ ಪಕ್ಕಕ್ಕೆ ಸರಿದ.

ಮಗಳು ಮನೆಯಿಂದಲೇ ಅನಿಮೇಷನ್ ಕೆಲಸ ಮಾಡುತ್ತಿದ್ದಳು. ಹೊಸದಾಗಿ ತಂದ ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರಿನ ಹಳೆಯ ಕ್ಯಾಬಿನೆಟ್ಟಿಗೆ ಉದ್ದವಾಯಿತು. ಅದು ಹಿಡಿಯುವಂಥ ಕ್ಯಾಬಿನೆಟ್ಟುಗಳು ಅಂಗಡಿಯಲ್ಲಿದ್ದವು, ಆದರೆ ಅವಳ ಮೇಜಿಗೂ ಬಟ್ಟೆಯ ಬೀರುವಿಗೂ ನಡುವಿನ ಸಂದಿಯಲ್ಲಿ ಅವು ಹಿಡಿಯುತ್ತಿರಲಿಲ್ಲ. ಅಲ್ಯೂಮಿನಿಯಂ ಹಾಳೆ ತಂದು ತಾನೇ ಒಂದು ಮಾಡಿಕೊಳ್ಳುತ್ತೇನೆಂದು ಅವಳು ಊಟದ ಮೇಜಿನಲ್ಲಿ ಹೇಳಿದಾಗ ಅಪ್ಪ ತುತ್ತು ಕೆಳಗಿಟ್ಟು ಕಾದ. ಬೇರೆಯವರ ಅಳತೆಗೋಲುಗಳು ಸರಿಯಾಗಿವೆಯೇ ಎಂದು ಅಳೆದು ಹೇಳುವ ಪ್ರಯೋಗಾಲಯದಲ್ಲಿ ಅವನು ಕೆಲಸ ಮಾಡುತ್ತಿದ್ದ. ಇಂಥ ಕೆಲಸಕ್ಕೆ ತನ್ನನ್ನು ಬಿಟ್ಟು ಇನ್ನು ಯಾರನ್ನು ಕರೆದಾಳು?

"ಚಿಕ್ಕೂಗೆ ಫೋನ್ ಮಾಡಿದೀನಿ," ಎಂದಳು ಅವಳು. "ಖುಷಿಯಾಗಿ ಬರ್ತಾನಂತೆ."

ಚಿಕ್ಕು ಎಂದರೆ ಚಿಕ್ಕಪ್ಪ. ಅವನು ದೊಡ್ಡ ಕಟ್ಟಡಗಳಿಗೆ ಏಸಿಯ ಗಾಳಿ ಹಾಯುವ ತಗಡಿನ ಡಕ್ಟ್ ಮಾಡುವವನು. ಬೆರಳಗಲ ಹೆಚ್ಚುಕಮ್ಮಿಯಾದರೂ ಗಾಳಿ ಬಂದು ದೂರು ಹೇಳುವುದಿಲ್ಲ ಎಂಬುದು ಆ ಕೆಲಸದ ಬಗ್ಗೆ ಅಪ್ಪನ ಅಭಿಪ್ರಾಯ. ಚಿಕ್ಕಪ್ಪ ಮಗಳನ್ನು "ಬಾಸ್" ಎನ್ನುತ್ತಿದ್ದ. ಅವಳು ಅವನನ್ನು ಏಕವಚನದಲ್ಲಿ ಬೈಯುತ್ತಿದ್ದಳು, ಅವನ ತಟ್ಟೆಯಿಂದ ಕಿತ್ತುಕೊಂಡು ತಿನ್ನುತ್ತಿದ್ದಳು. ಅಪ್ಪನಿಗೆ ಮಾತ್ರ "ನೀವು", "ತಗೊಳ್ಳಿ", "ಸರಿ ಅಪ್ಪ".

ತನ್ನನ್ನು ಏಕೆ ಕರೆಯಲಿಲ್ಲವೆಂದು ಅವನಿಗೆ ಗೊತ್ತಿಲ್ಲದೆ ಏನಿರಲಿಲ್ಲ. ಹಿಂದೊಮ್ಮೆ ಅವಳು ಮರದ ಪುಟ್ಟ ಸ್ಟೂಲೊಂದನ್ನು ಮಾಡಿ, ಕೂತು ನೋಡಿ ಎಂದು ಅವನ ಮುಂದಿಟ್ಟಿದ್ದಳು. ಅವನು ಕೂರುವ ಮೊದಲು, ಸಮವಾಗಿದೆಯೇ ಎಂದು ನೋಡಲು, ರಸಮಟ್ಟ ತಂದು ಅದರ ಮೇಲಿಟ್ಟಿದ್ದ. ಅದು ಅವನ ಲೆಕ್ಕದಲ್ಲಿ ಪ್ರೀತಿ. ಚಿಕ್ಕಪ್ಪನಾದರೆ ದಬಕ್ಕನೆ ಕೂತು, "ಸಿಂಹಾಸನ ಕಣೇ!" ಎಂದಿದ್ದ. ಸ್ಟೂಲು ಈಗ ಚಿಕ್ಕಪ್ಪನ ಮನೆಯಲ್ಲಿದೆ.

ಹೀಗೆ ಶನಿವಾರ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹಳೆಯ ಕ್ಯಾಬಿನೆಟ್ಟಿನ ಹಿಂಬದಿಗೆ ಕಾಗದ ಹಿಡಿದು ಮೇಲೆ ಪೆನ್ಸಿಲ್ ಉಜ್ಜಿ, ತಂತಿಗಳು ಬಂದು ಸೇರುವ ಕಿಂಡಿಗಳ ಗುರುತನ್ನು ಚಿಕ್ಕಪ್ಪ ಇದ್ದಂತೆಯೇ ಇಳಿಸಿಕೊಂಡ. ಆ ಉಪಾಯ ಚೆನ್ನಾಗಿದೆಯೆಂದು ಅಪ್ಪನಿಗೂ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಉರಿಯಿತು.

ಮಧ್ಯಾಹ್ನ ಅವರಿಬ್ಬರೂ ಊಟಕ್ಕೆ ಒಳಗೆ ಹೋದಾಗ ಅವನು ಶೆಡ್ಡಿಗೆ ಬಂದ. ಹೊಸ ಹಾಳೆಯ ಒಂದು ಮುಖಕ್ಕೆ ನೀಲಿ ಪ್ಲಾಸ್ಟಿಕ್ ಪೊರೆ ಅಂಟಿತ್ತು. ಅದು ಹೊಳಪಿನ ಮುಖ, ಕ್ಯಾಬಿನೆಟ್ಟಿನ ಹೊರಗೆ ಕಾಣಬೇಕಾದದ್ದು. ಗೀರು ಬೀಳದಿರಲೆಂದು ಅದನ್ನು ಕೆಳಗೆ ಮಾಡಿ ಮಲಗಿಸಿದ್ದರು. ಮೇಲಿದ್ದ ಬರಿಯ ಮುಖಕ್ಕೆ ಚಿಕ್ಕಪ್ಪನ ಕಾಗದವನ್ನು ಅಂಟಿಸಿದ್ದರು.

ಅಪ್ಪ ನೋಡಿದೊಡನೆ ಕಂಡುಹಿಡಿದ. ಕಾಗದದ ಮೇಲಿರುವುದು ಹೊರಗಿನಿಂದ ಕಂಡ ಚಿತ್ರ. ಅದನ್ನು ಅಂಟಿಸಿರುವುದು ಒಳಮುಖಕ್ಕೆ. ಹೀಗೇ ಕತ್ತರಿಸಿದರೆ ಎಡಗಡೆ ಬರಬೇಕಾದ ಕಿಂಡಿಗಳೆಲ್ಲ ಬಲಗಡೆ ಬರುತ್ತವೆ. ಕನ್ನಡಿಯೊಳಗಿನ ತಗಡು. ಮದರ್‌ಬೋರ್ಡನ್ನು ಹೇಗೆ ತಿರುಗಿಸಿದರೂ ಅದಕ್ಕೆ ಕೂರುವುದಿಲ್ಲ, ಎಡಗೈಯ ಗವಸನ್ನು ಎಷ್ಟು ತಿರುಗಿಸಿದರೂ ಬಲಗೈಗೆ ಆಗದ ಹಾಗೆ.

ಗವಸನ್ನು ಒಳಮೈ ಹೊರಗೆ ಮಾಡಿ ಮಗುಚಿದರೆ ಮಾತ್ರ ಆಗುತ್ತದೆ. ಅದೂ ಹೊಳೆಯಿತು. ಸೂಕ್ಷ್ಮ ಅಳತೆಯ ವರ್ನಿಯರ್ ತೆಗೆದು ಮಡಿಸುವ ಅಂಚಿನ ಅಗಲ ನೋಡಿದ, ಮೂಲೆಯಲ್ಲಿ ಡಬ್ಬಿಯೊಳಗಿದ್ದ ಕಾರ್ಡಿನ ಉದ್ದ ನೋಡಿದ. ವರ್ನಿಯರನ್ನು ಮತ್ತೆ ಅದರ ಗೆರೆಯೊಳಗೆ ಕೂರಿಸಿದ. ಕಾಗದ ಕಿತ್ತು, ಹಾಳೆ ಮಗುಚಿ, ಹೊಳಪಿನ ಮುಖಕ್ಕೆ ಅಂಟಿಸುವುದಕ್ಕೆ ಒಂದು ಗಳಿಗೆ ಸಾಕಿತ್ತು. ಅವನು ಕೈ ಜೇಬಿಗೆ ಹಾಕಿಕೊಂಡು ಮನೆಯೊಳಗೆ ಬಂದ.

ಅವರು ಕತ್ತರಿಸಲಿ, ಮಡಿಸಲಿ, ಕಷ್ಟಪಡಲಿ. ಆಮೇಲೆ ಅವಳೇ ಬಂದು, "ಅಪ್ಪ, ಏನೋ ಎಡವಟ್ಟಾಗಿದೆ, ಸ್ವಲ್ಪ ನೋಡ್ತೀರಾ?" ಎನ್ನಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

"ಏನ್ರೀ ಮುಖ ಹಂಗೆ?" ಎಂದಳು ಅಮ್ಮ, ಪಾತ್ರೆ ಒರೆಸುತ್ತಾ. "ಹೊಟ್ಟೆ ಉರೀತಿದ್ರೆ ಫ್ರಿಜ್‌ನಲ್ಲಿ ತಣ್ಣೀರಿದೆ, ಕುಡೀರಿ."

"ನನಗ್ಯಾಕೆ ಹೊಟ್ಟೆ ಉರೀಲಿ?"

"ಹೌದಲ್ವಾ, ನಿಮಗ್ಯಾಕೆ. ಬೆಳಗ್ಗಿಂದ ಶೆಡ್ಡಿಗೂ ಮನೆಗೂ ಸುಮ್ನೆ ವಾಕಿಂಗು."

ಮಧ್ಯಾಹ್ನವೆಲ್ಲ ಗರಗಸದ ಸದ್ದು ಬಂತು, ಆಮೇಲೆ ಮಡಿಕೆಗೆ ಹೊಡೆಯುವ ಮರದ ಸುತ್ತಿಗೆಯ ಸದ್ದು. ಅಪ್ಪ ಪೇಪರ್ ಹಿಡಿದು ಒಂದೇ ಸಾಲನ್ನು ಓದುತ್ತಾ ಕೂತಿದ್ದ. ಸಂಜೆಯ ಹೊತ್ತಿಗೆ ಸದ್ದು ಒಮ್ಮೆಲೇ ನಿಂತಿತು. ಈಗ ಗೊತ್ತಾಗಿರಬೇಕು, ಎಂದುಕೊಂಡು ಎದ್ದ. ಅಂಗಳ ದಾಟುವಷ್ಟರಲ್ಲಿ ಕೇಳಿಸಿದ್ದು ನಗು.

ಇಬ್ಬರೂ ಲೋಹದ ಪುಡಿಯ ನಡುವೆ ನೆಲದ ಮೇಲೆ ಕೂತು, ಉಸಿರು ಕಟ್ಟುವಂತೆ ನಗುತ್ತಿದ್ದರು. ಮಡಿಸಿ ಮುಗಿಸಿದ ಹಿಂಬದಿಯ ತಗಡು ನಡುವೆ ನಿಂತಿತ್ತು, ಅದರ ಪಕ್ಕದಲ್ಲಿ ಉಳಿದ ಹಾಳೆಗಳ ಚೌಕಟ್ಟು.

"ಬಾಸ್, ನಾವು ಕನ್ನಡಿಗೆ ಕ್ಯಾಬಿನೆಟ್ ಮಾಡಿದೀವಿ!" ಎಂದ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಾ.

"ನಿನ್ನಿಂದಲೇ ಆಗಿದ್ದು! ಪೇಪರ್ ಅಂಟಿಸಿದ್ದು ಯಾರು?"

"ಗೀರು ಬೀಳತ್ತೆ, ಮಗುಚಿ ಹಾಕು ಅಂತ ಪ್ರಾಣ ತಿಂದಿದ್ದು ಯಾರು?"

ಅಪ್ಪ ಬಾಗಿಲಲ್ಲೇ ನಿಂತ. ಅವನ ಲೆಕ್ಕದಲ್ಲಿ ಈ ತಪ್ಪು ಅವರಿಬ್ಬರ ನಡುವೆ ಒಂದು ಬಿರುಕು ತರಬೇಕಿತ್ತು. ಅವನ ಮೌನದಿಂದ ಅವರಿಗೆ ಇನ್ನೊಂದು ಕಥೆ ಸಿಕ್ಕಿತ್ತು, ವರ್ಷಗಟ್ಟಲೆ ಹೇಳಿಕೊಂಡು ನಗಲು, ಅವನಿಲ್ಲದ ಕಥೆ.

"ಹಾಳೆ ಮುಗೀತು," ಎಂದಳು ಮಗಳು, ನಗು ಇಳಿದ ಮೇಲೆ. "ಸೋಮವಾರ ಕೆಲಸ ಇದೆ ನಂಗೆ. ಏನ್ ಮಾಡೋದು ಚಿಕ್ಕೂ?"

ಅವಳು ಈಗಲೂ ಅಪ್ಪನನ್ನು ಕೇಳಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಒಳಗಿನ ಮುಖ ಹೊರಗೆ ಮಾಡಿ," ಎಂದ. "ಮಡಿಸಿದ ಅಂಚು ಒಳಗೆ ಬರೋ ಬದಲು ಹೊರಗೆ ಬರಲಿ. ಕಿಂಡಿಗಳೆಲ್ಲ ಸರಿಯಾದ ಕಡೆಗೇ ಬರತ್ತೆ. ಪಕ್ಕದ ಹಾಳೆ ಮುಟ್ಟೋದೇ ಬೇಡ. ಹಿಂಭಾಗ ಚೂರು ಒಳಸರಿಯತ್ತೆ, ಅಂಚು ಹೊರಗಿರೋದ್ರಿಂದ ವೈರು ಗೋಡೆಗೆ ಒತ್ತಲ್ಲ. ಒಳಗೆ ಜಾಗ ಸ್ವಲ್ಪ ಕಮ್ಮಿಯಾಗತ್ತೆ, ಆದ್ರೆ ಕಾರ್ಡ್ ಹಿಡಿಯತ್ತೆ. ಅಳೆದು ನೋಡಿದೀನಿ."

ಚಿಕ್ಕಪ್ಪ ತಗಡನ್ನು ಎತ್ತಿ ಮಗುಚಿ ಚೌಕಟ್ಟಿಗೆ ಹಿಡಿದು ನೋಡಿದ. ಕಿಂಡಿಗಳು ಇರಬೇಕಾದಲ್ಲಿ ಬಂದು ಕೂತವು.

"ನೋಡಿದ್ಯಾ ಬಾಸ್, ನಮ್ಮಣ್ಣನ ತಲೆ!" ಅವನ ದನಿಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. "ಬೆಳಗ್ಗೆಯಿಂದ ಹೇಳ್ತಿದೀನಿ, ನಿಮ್ಮಪ್ಪನ್ನ ಒಂದ್ಸಲ ಕರಿ ಅಂತ."

ಮಗಳು ತಗಡಿನ ಕಡೆ ನೋಡಲಿಲ್ಲ.

"ಯಾವಾಗ ಅಳೆದ್ರಿ ಅಪ್ಪ?"

ಅಪ್ಪ ಗೋಡೆಯ ಹಲಗೆಯ ಕಡೆ ನೋಡಿದ. ಖಾಲಿ ಗೆರೆಗಳ ನಡುವೆ ವರ್ನಿಯರ್ ಮಾತ್ರ ತನ್ನ ಜಾಗದಲ್ಲಿ ನೆಟ್ಟಗೆ ಕೂತಿತ್ತು.

"ಈಗ್ಲೇ ಇರ್ಬೇಕು ಬಿಡೇ, ಕಣ್ಣಳತೆ," ಎಂದ ಚಿಕ್ಕಪ್ಪ. "ಮೊದಲೇ ನೋಡಿದ್ರೆ ನಮಗೆ ಹೇಳ್ದೆ ಇರ್ತಿದ್ನಾ?"

ಆ ಮಾತು ಚುಚ್ಚಿದಷ್ಟು ಇಡೀ ದಿನದ ಯಾವ ನಗುವೂ ಚುಚ್ಚಿರಲಿಲ್ಲ. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಊಟದ ಹೊತ್ತಲ್ಲಿ," ಎಂದ ಅಪ್ಪ.

ಚಿಕ್ಕಪ್ಪ ತಗಡನ್ನು ಮೆಲ್ಲಗೆ ಕೆಳಗಿಟ್ಟ. ಡ್ರಿಲ್ಲಿನ ವೈರು ಬಿಡಿಸುವುದರಲ್ಲಿ ತೊಡಗಿದ. ಯಾರೂ ನಗಲಿಲ್ಲ. ಅಪ್ಪ ಹೊರಡಲು ತಿರುಗಿದ.

"ಎಲ್ಲಿಗೆ?" ಎಂದಳು ಮಗಳು. ದನಿಯಲ್ಲಿ ಸಿಟ್ಟಿತ್ತು. "ಬಂದು ಹಿಡ್ಕೊಳ್ಳಿ. ರಿವೆಟ್ ಹೊಡೆಯೋವಾಗ ಅಲ್ಲಾಡಬಾರದು."

ಅಪ್ಪ ಬಂದು ಮಂಡಿಯೂರಿ ಎರಡೂ ಕೈಯಲ್ಲಿ ತಗಡನ್ನು ಒತ್ತಿ ಹಿಡಿದ. ಹೊಳಪಿನ ಮುಖ ಈಗ ಒಳಗಿತ್ತು, ಯಾರಿಗೂ ಕಾಣದ ಕಡೆ. ಅವನ ತಲೆಯ ಮೇಲೆಯೇ ಮಗಳು ತೂತುಗಳ ಗುರುತು ಹಾಕುತ್ತಿದ್ದಳು, ಚಿಕ್ಕಪ್ಪ ಡ್ರಿಲ್ ಹಿಡಿದು ಕಾಯುತ್ತಿದ್ದ. ಅವರಿಬ್ಬರ ಕೈಗಳು ಮಾತಿಲ್ಲದೆಯೇ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತಿದ್ದುದನ್ನು ಅವನು ಹತ್ತಿರದಿಂದ ನೋಡಿದ. ಹೊಟ್ಟೆಯ ಉರಿ ಎಲ್ಲಿಗೂ ಹೋಗಿರಲಿಲ್ಲ.

"ಅಪ್ಪ," ಎಂದಳು ಅವಳು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು. "ಈಗ ಏನಾದ್ರೂ ಕಾಣ್ತಿದ್ಯಾ? ಕಂಡ್ರೆ ಈಗ್ಲೇ ಹೇಳಿ."

ಅವನು ನೋಡಿದ. ಕೆಳಗಿನ ಮೂಲೆಯ ಗುರುತು ಕೂದಲೆಳೆಯಷ್ಟು ಆಚೆಗಿತ್ತು. ಅಷ್ಟಕ್ಕೆ ಏನೂ ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಹೇಳಿದರೆ ಮತ್ತೆ ಆ ರಸಮಟ್ಟದ ಅಪ್ಪ. ಹೇಳದಿದ್ದರೆ ಮಧ್ಯಾಹ್ನದ ಅಪ್ಪ.

"ಕೆಳಗಿಂದು ಚೂರು ಎಡಕ್ಕೆ," ಎಂದ.

ಮಗಳು ಬಗ್ಗಿ ನೋಡಿ, ಗುರುತನ್ನು ಹೆಬ್ಬೆರಳಿನಿಂದ ಒರೆಸಿ, ಚೂರು ಎಡಕ್ಕೆ ಹಾಕಿದಳು.